ಆ ಅಜ್ಜಿ ಗಾಡಿಯಲ್ಲಿ ಏನಿಟ್ಟಿದ್ದಳು?

ಪ್ರೀತಿಯ ತಂಗೀ,

ನಿನ್ನ ಬರಹ ಎರಡು ಸಲ ಓದಿದೆ. ಸಾಲ್ಟ್ ಲೇಕ್ ಸಿಟಿಯಲ್ಲಿ ನೀನು ಬಾಡಿಗೆಗಿರುವ ಮನೆಯ ಒಡತಿ ತನ್ನ ಅಜ್ಜಿಯ ಅಜ್ಜಿಯ ಕಥೆ ಹೇಳಿದ್ದು, ನೀನದನ್ನು ಕನ್ನಡಕ್ಕೆ ತರಲು ಕೂತಿದ್ದು, ಎರಡೂ ಒಳ್ಳೆಯದಾಯಿತು. 1856ರಲ್ಲಿ ಲಿವರ್‌ಪೂಲಿನಲ್ಲಿ ಹಡಗು ಹತ್ತಿ, ಅಯೋವಾದಿಂದ ಯೂಟಾವರೆಗೆ ಸುಮಾರು ಸಾವಿರದ ಮುನ್ನೂರು ಮೈಲಿ ಕೈಗಾಡಿ ಎಳೆದುಕೊಂಡು ಬಂದ, ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಹೆಂಗಸು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಒಂದು ಮಾತು, ಬೇಜಾರು ಮಾಡ್ಕೋಬೇಡ. ನಿನ್ನ ಕಥೆಯ ಅಜ್ಜಿ ಮೊದಲ ಪುಟದಲ್ಲೇ ದೇವಿಯಾಗಿಬಿಟ್ಟಿದ್ದಾಳೆ. ಎಲ್ಲಿ ನೋಡಿದರೂ ಅಚಲ ನಂಬಿಕೆ, ಅಪಾರ ಧೈರ್ಯ. ಅವಳಿಗೆ ಕಾಲೇ ನೋಯುವುದಿಲ್ಲ. ನಾನೂ ಹೀಗೇ ಮಾಡಿದ್ದೆ. ನಮ್ಮಜ್ಜಿ ಬಗ್ಗೆ ಬರೆದದ್ದನ್ನು ಚಿಕ್ಕಮ್ಮನಿಗೆ ಓದಲು ಕೊಟ್ಟರೆ, "ಯಾರೇ ಇವಳು? ನಮ್ಮಮ್ಮ ಬೈದದ್ದು ಒಂದೂ ಇಲ್ವಲ್ಲ" ಅಂದಿದ್ದರು.

ಗಾಡಿಯಿಂದ ಶುರು ಮಾಡು. ದೊಡ್ಡವರು ತಲೆಗೆ 17 ಪೌಂಡು ಸಾಮಾನು ಇಟ್ಟುಕೊಳ್ಳಬಹುದಿತ್ತು. ಎಂಟು ಕಿಲೋಗೂ ಕಮ್ಮಿ. ಬಟ್ಟೆ, ಹಾಸಿಗೆ, ಅಡಿಗೆ ಪಾತ್ರೆ ಎಲ್ಲ ಅದರಲ್ಲೇ. ಜಾಸ್ತಿಯಾದದ್ದನ್ನು ಮಾರಬೇಕು, ಇಲ್ಲ ಬಿಟ್ಟುಹೋಗಬೇಕು. ನೀನು ಅಮೆರಿಕಕ್ಕೆ ಹೊರಟ ದಿನ ಏರ್‌ಪೋರ್ಟಿನ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಉಪ್ಪಿನಕಾಯಿ ಡಬ್ಬಿ ತೆಗೆದು ನಿಮ್ಮಮ್ಮನ ಕೈಗೆ ಕೊಟ್ಟೆಯಲ್ಲ, ಆಗಿನ ಅವರ ಮುಖ ನೆನಪಿದೆಯಾ? ಅಯೋವಾ ಸಿಟಿಯಲ್ಲಿ ಅಂಥ ಮುಖಗಳು ನೂರಾರಿದ್ದವು. ಅಜ್ಜಿ ಏನು ಇಟ್ಟುಕೊಂಡಳು, ಏನು ಬಿಟ್ಟಳು ಅಂತ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ, ಕೇಳು.

ಗಾಡಿಗಳನ್ನು ಮಾಡಿದ್ದು ಹಸಿ ಮರದಲ್ಲಿ, ಅವಸರದಲ್ಲಿ. ಬಯಲಿನ ಒಣ ಗಾಳಿಗೆ ಮರ ಸೊರಗಿ ಬಿರುಕು ಬಿಟ್ಟಿತು. ಮರಳು ಹೊಕ್ಕು ಅಚ್ಚು ಸವೆಯಿತು. ಕೀಲೆಣ್ಣೆ ಇಲ್ಲದೆ, ತಿನ್ನಲು ಕೊಟ್ಟ ಹಂದಿ ಮಾಂಸದ ಕೊಬ್ಬನ್ನೇ ಗಾಲಿಗೆ ಸವರಿದರು, ಸೋಪನ್ನೂ ಹಚ್ಚಿದರು. ಹಸಿದ ಹೆಂಗಸೊಬ್ಬಳು ಕೊಬ್ಬನ್ನು ಗಾಲಿಗೆ ಸವರಿ ಬೆರಳು ನೆಕ್ಕಿಕೊಂಡಿರಬಹುದು ಅನಿಸುತ್ತದೆ ನನಗೆ. ನಿನ್ನ ಮೂರು ಪುಟದ "ಧೈರ್ಯ"ದಲ್ಲಿ ಇಂಥದ್ದೊಂದು ಬೆರಳೂ ಕಾಣಲಿಲ್ಲ.

ವಿಲಿಯಂ ಕ್ಲೇಟನ್ ಅಂತ ಒಬ್ಬ ಗುಮಾಸ್ತನಿದ್ದ. ಅಜ್ಜಿಗಿಂತ ಮೊದಲೇ, 1847ರಲ್ಲಿ ಮಾರ್ಮನ್ ನಾಯಕ ಬ್ರಿಗ್ಹಾಮ್ ಯಂಗ್ ಜೊತೆ ಯೂಟಾಗೆ ಹೊರಟ ಮೊದಲ ತಂಡದವನು. ದಿನಕ್ಕೆ ಎಷ್ಟು ಮೈಲಿ ನಡೆದೆವು ಅಂತ ಎಲ್ಲರೂ ಅಂದಾಜಿನಲ್ಲಿ ಹೇಳುತ್ತಿದ್ದದ್ದು ಅವನಿಗೆ ಸರಿಬರಲಿಲ್ಲ. ಬಂಡಿ ಗಾಲಿಯ ಸುತ್ತಳತೆ ತೆಗೆದ. 14 ಅಡಿ 8 ಅಂಗುಲ. 360 ಸುತ್ತಿಗೆ ಸರಿಯಾಗಿ ಒಂದು ಮೈಲಿ. ಗಾಲಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಇಡೀ ದಿನ ಪಕ್ಕದಲ್ಲೇ ನಡೆಯುತ್ತ ಎಣಿಸಿದ. 4,070 ಸುತ್ತು. ಅಂದರೆ ಹನ್ನೊಂದೂಕಾಲು ಮೈಲಿ, ಮೇಲೆ ಇಪ್ಪತ್ತು ಸುತ್ತು. ಆ ಇಪ್ಪತ್ತನ್ನೂ ಅವನು ಬಿಡಲಿಲ್ಲ ನೋಡು! ನನಗೆ ಆ ಪಯಣದ ನಾಯಕರಿಗಿಂತ ಇವನೇ ಹತ್ತಿರದವನು ಅನ್ನಿಸುತ್ತಾನೆ. ಆಮೇಲೆ ಎಣಿಸಲೆಂದು ಮರದ ಯಂತ್ರವನ್ನೇ ಮಾಡಿದರು, ಅದು ಬೇರೆ ಕಥೆ.

ಸ್ವೀಟ್‌ವಾಟರ್ ಹೊಳೆಯ ಪ್ರಸಂಗ ನೀನು ಬರೆದ ರೀತಿಗೆ ಮಾತ್ರ ನನ್ನ ತಕರಾರಿದೆ. ನಿನ್ನ ಅಜ್ಜಿ ಇದ್ದ, ಮಾರ್ಟಿನ್ ಅನ್ನುವವನ ಕೈಗಾಡಿ ತಂಡ ನವೆಂಬರಿನಲ್ಲಿ ಆ ಹೊಳೆ ದಾಟಿತು, ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ಸಹಾಯಕ್ಕೆ ಬಂದ ಮೂವರು ಹುಡುಗರು ಎಲ್ಲರನ್ನೂ ಹೊತ್ತು ದಾಟಿಸಿದರು, ಆ ಚಳಿ ತಗುಲಿಯೇ ಮೂವರೂ ಸತ್ತರು ಅಂತ ನೀನು ಬರೆದಿದ್ದೀಯ. ಕಣ್ಣೀರು ಬರಿಸುವ ಕಥೆ. ಆದರೆ ಆಗಿನ ದಿನಚರಿಗಳನ್ನು ಜೋಡಿಸಿ ನೋಡಿದವರಿಗೆ ಸಿಕ್ಕಿದ್ದೇ ಬೇರೆ. ನೀರಿಗಿಳಿದು ಸಹಾಯ ಮಾಡಿದವರು ಇನ್ನೂ ಇದ್ದರು. ಎಲ್ಲರನ್ನೂ ಹೊತ್ತು ದಾಟಿಸಲೂ ಇಲ್ಲ. ಆ ಹುಡುಗರಲ್ಲೊಬ್ಬ ಡೇವಿಡ್ ಕಿಂಬಲ್ ತೀರಿಕೊಂಡಿದ್ದು 1883ರಲ್ಲಿ. ಆ ನೀರಿಗೆ ಇಳಿದದ್ದೇ ಸಾಕಲ್ವಾ? ಸಾಯಲೂಬೇಕಾ? ಅವತ್ತೇ ಬರೆದಿಟ್ಟದ್ದು ಯಾವುದು, ನಲವತ್ತು ವರ್ಷ ಬಿಟ್ಟು ಮೊಮ್ಮಕ್ಕಳಿಗೆ ಹೇಳಿದ್ದು ಯಾವುದು ಅಂತ ಬೇರೆ ಬೇರೆ ಇಟ್ಟುಕೋ. ಎರಡೂ ಬೇಕು, ಕಲಸಬೇಡ.

ಹೊರಟಿದ್ದೇ ತಡವಾಗಿತ್ತು ಅನ್ನುವುದನ್ನು ನೀನು ಒಂದೇ ಸಾಲಿನಲ್ಲಿ ದಾಟಿಸಿದ್ದೀಯ. ಅಲ್ಲಿ ನಿಲ್ಲು. ಇವರಿಗಿಂತ ಮುಂದಿದ್ದ ವಿಲಿ ತಂಡದಲ್ಲಿ ಲೀವೈ ಸ್ಯಾವೇಜ್ ಅನ್ನುವವನು, ಈಗ ಹೋದರೆ ಮುದುಕರು ಮಕ್ಕಳು ಸಾಯುತ್ತಾರೆ, ಚಳಿಗಾಲ ಇಲ್ಲೇ ಕಳೆಯೋಣ ಅಂತ ಸಭೆಯಲ್ಲಿ ಹೇಳಿದ. ಅವನ ಮಾತು ನಡೆಯಲಿಲ್ಲ. ಆದರೂ ಅವರ ಜೊತೆಗೇ ನಡೆದ. ಎರಡೂ ತಂಡ ಸೇರಿ ಸುಮಾರು ಸಾವಿರ ಜನ. ಇನ್ನೂರಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಸತ್ತರು.

ಒಡತಿಗೆ ಇಷ್ಟವಾಗದಿದ್ದರೂ ಎರಡು ವಿಷಯ ಬಿಡಬೇಡ. ಇವರು ಬಂದು ಮನೆ ಕಟ್ಟಿಕೊಂಡ ನೆಲದಲ್ಲಿ ಶೋಶೋನಿ, ಯೂಟ್ ಜನ ಮೊದಲೇ ಇದ್ದರು. ಇನ್ನೊಂದು, ಆಗ ಮಾರ್ಮನ್ನರಲ್ಲಿದ್ದ ಬಹುಪತ್ನಿತ್ವ. ಅಜ್ಜಿ ಎಷ್ಟನೆಯ ಹೆಂಡತಿ ಅಂತ ನೀನು ಕೇಳೇ ಇಲ್ಲ. ಕೇಳಲು ಮುಜುಗರ, ಗೊತ್ತು. ಟೀ ಕುಡಿಯುವಾಗ ಸುಮ್ನೆ ಕೇಳು. ಅಯ್ಯೋ, ಮಾರ್ಮನ್ನರು ಟೀ ಕುಡಿಯುವುದಿಲ್ಲ ಅಲ್ವಾ, ಇನ್ನೇನಾದರೂ ಕೊಡುತ್ತಾರೆ.

ಕೊನೆಯ ಪುಟದಲ್ಲಿ ಪ್ರಾರ್ಥನೆಯೊಂದೇ ಇದೆ. ಮಾರ್ಟಿನ್ ತಂಡ ಸಾಲ್ಟ್ ಲೇಕ್ ಸಿಟಿ ಸೇರಿದ್ದು ನವೆಂಬರ್ 30 ಭಾನುವಾರ. ಯಂಗ್ ಸಭೆಯಲ್ಲಿ ಹೇಳಿದ್ದೇನು ಗೊತ್ತಾ? ಪ್ರಾರ್ಥನೆ ಒಳ್ಳೆಯದೇ, ಆದರೆ ಬೇಯಿಸಿದ ಆಲೂಗಡ್ಡೆ, ಪುಡಿಂಗು, ಹಾಲು ಬೇಕಾದಾಗ ಪ್ರಾರ್ಥನೆ ಆ ಕೆಲಸ ಮಾಡುವುದಿಲ್ಲ ಅಂತ. ಆ ಆಲೂಗಡ್ಡೆ ನಿನ್ನ ಕೊನೆಯ ಪುಟಕ್ಕೆ ಬರಲಿ.

ಆಮೇಲೆ ಸಾಲ. ಚರ್ಚಿನ ವಲಸೆ ನಿಧಿಯಿಂದ ಬಂದವರು ಪ್ರಯಾಣದ ಖರ್ಚು ತೀರಿಸಬೇಕಿತ್ತು. ಆ ವರ್ಷ ತಲೆಗೆ ಒಂಬತ್ತು ಪೌಂಡ್ ಹಣ. ಎಷ್ಟೋ ಜನ ತೀರಿಸಲಾಗದೆ, 1880ರಲ್ಲಿ ಬಡವರ ಅರ್ಧ ಸಾಲ ಮನ್ನಾ ಮಾಡಿದರು. ಹಿಮ, ಹೊಳೆ ಎಲ್ಲ ದಾಟಿ ಬಂದ ಹೆಂಗಸು ಇಪ್ಪತ್ತನಾಲ್ಕು ವರ್ಷ ಸಾಲಗಾರಳಾಗಿಯೇ ಇದ್ದಳೋ ಏನೋ. ಒಡತಿಯನ್ನು ಕೇಳಿ ಬರೆ, ಅಜ್ಜಿ ಅದನ್ನು ತೀರಿಸಿದಳಾ?

ನಿನ್ನ ಅಕ್ಕ