ಮುಳುಗಡೆಯ ಕಥೆ ಬರೆಯುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿಮ್ಮ ಮನೆಯವರ ಕಥೆ ಅಂತ ನೀನು ಕಳಿಸಿದ ಪುಟಗಳನ್ನು ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಆ ವಂಶವೃಕ್ಷವನ್ನು ಮೊದಲ ಅಧ್ಯಾಯದಿಂದ ತೆಗೆ. ಮೂಲಪುರುಷನಿಂದ ಹಿಡಿದು ಯಾರ ಮಗ ಯಾರು, ಯಾವ ಮನೆಗೆ ಯಾವ ಹೆಣ್ಣು ಕೊಟ್ಟರು ಅಂತ ಹೇಳುವುದು ಹೆಳವರ ಕೆಲಸ. ಅವರು ಎತ್ತಿನ ಮೇಲೆ ಬಂದು ಅಂಗಳದಲ್ಲಿ ಹೇಳಿದರೆ ಕೇಳಲು ಚೆಂದ, ಯಾಕೆಂದರೆ ಎದುರಿಗೆ ಕೂತವರೆಲ್ಲ ಅದೇ ಮನೆಯವರು. ನಿನ್ನ ಓದುಗರಿಗೆ ನಿಮ್ಮ ಮನೆಯವರು ಒಬ್ಬರೂ ಗೊತ್ತಿಲ್ಲ.

ಅವರಿಗೆ ಮೊದಲು ನಿನ್ನ ಅಜ್ಜಿ ಬೇಕು. ಶರಾವತಿ ನೀರು ಏರುತ್ತಿದೆ ಅಂತ ಹೆಂಚು ಇಳಿಸಿ, ಬಾಗಿಲು ಬಿಚ್ಚಿ, ಎಲ್ಲವನ್ನೂ ಲಾರಿಗೆ ಹೇರಿಸಿದ ಆ ಹೆಂಗಸು. ಅದನ್ನು ಎಲ್ಲೋ ನಡುವೆ ಒಂದು ಪ್ಯಾರಾದಲ್ಲಿ ಮುಗಿಸಿದ್ದೀಯಲ್ಲೋ! ಅಲ್ಲಿಂದಲೇ ಶುರು ಮಾಡು.

ಇಸವಿಗಳನ್ನು ಸ್ವಲ್ಪ ನೋಡಿಕೋ. ಶರಾವತಿಗೆ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರದ್ದು, ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ, ಆ ಹಳೇ ಅಣೆಕಟ್ಟೇ ಹೊಸದರ ನೀರಲ್ಲಿ ಮುಳುಗಿಹೋಯಿತು. ಅಜ್ಜಿ ಹೇಳುತ್ತಿದ್ದ 'ಮೊದಲ ಮುಳುಗಡೆ' ಇವೆರಡರಲ್ಲಿ ಯಾವುದು? ನೀನು ಎರಡನ್ನೂ ಬೆರೆಸಿದ ಹಾಗಿದೆ.

ಇನ್ನು ಗೇಣಿಯ ವಿಷಯ. ನನಗೆ ಇಡೀ ಕಥೆಯ ಜೀವ ಇರುವುದೇ ಇಲ್ಲಿ. ನಿನ್ನ ಅಜ್ಜ ಗೇಣಿ ಕೊಟ್ಟು ಉಳುತ್ತಿದ್ದದ್ದು ಜಮೀನಿನ ಒಡೆಯರ ಗದ್ದೆ. 1951ರಲ್ಲಿ ನಿಮ್ಮದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅಳತೆ ಸರಿಯಿಲ್ಲ ಅಂತ ಎದ್ದು ನಿಂತರು, ಜೈಲಿಗೂ ಹೋದರು. ಅಜ್ಜನ ಕಿವಿಗೆ ಅದು ಬಿದ್ದಿರಲೇಬೇಕು, ನಿನ್ನ ಸೋದರತ್ತೆಯನ್ನು ಕೇಳು. ಆಮೇಲೆ 1974ರಲ್ಲಿ ಭೂಸುಧಾರಣೆ ಕಾನೂನು ಬದಲಾಗಿ ಉಳುವವರು ಜಮೀನು ತಮಗೆ ಬೇಕು ಅಂತ ಡಿಕ್ಲರೇಷನ್ ಅರ್ಜಿ ಹಾಕಿದರು, ಜಮೀನು ಪಡೆದರು. ಅಷ್ಟು ಹೊತ್ತಿಗೆ ನಿನ್ನ ಅಜ್ಜ ಉತ್ತ ಗದ್ದೆ ನೀರಿನಡಿ ಹೋಗಿ ಹತ್ತು ವರ್ಷ! ಪಹಣಿಯಲ್ಲಿ ಯಾರ ಹೆಸರಿತ್ತು, ಪರಿಹಾರದ ದುಡ್ಡು ಯಾರ ಕೈಗೆ ಹೋಯಿತು, ಹಳೇ ಕಡತಗಳಲ್ಲಿ ಹುಡುಕು.

'ನಾವು ಗೇಣಿ ಮಾಡಿಕೊಂಡಿದ್ದೆವು ಅಂತ ಬರೀಬೇಡ' ಅಂದರಂತೆ ನಿನ್ನ ದೊಡ್ಡಪ್ಪ. ಅವರ ಸಂಕಟ ಅರ್ಥವಾಗುತ್ತದೆ. ಬರೆದದ್ದನ್ನು ಅವರಿಗೆ ಓದಿ ಹೇಳು, ಅವರು ಒಪ್ಪದಿದ್ದರೆ ಒಪ್ಪಲಿಲ್ಲ ಅನ್ನುವುದನ್ನೂ ಬರೆ. ಆದರೆ ಗೇಣಿ ಬಿಟ್ಟರೆ ಅಜ್ಜಿ ಸುಮ್ನೆ ಊರು ಬದಲಾಯಿಸಿದ ಹಾಗಾಗುತ್ತದೆ. ಅವರು ಕಳೆದುಕೊಂಡದ್ದು ಅದಕ್ಕಿಂತ ಜಾಸ್ತಿ, ಅಲ್ವಾ?

ಅಜ್ಜ ಅಜ್ಜಿ ಕೊನೆಯ ರಾತ್ರಿ ಆಡಿದ ಮಾತು ಅಂತ ಒಂದು ಪುಟ ಇದೆಯಲ್ಲ, ಅದನ್ನು ತೆಗೆದುಬಿಡು. ಚೆನ್ನಾಗಿದೆ, ನಿಜ. ಆದರೆ ಅದನ್ನು ಕೇಳಿಸಿಕೊಂಡವರು ಯಾರು? ಒಂದು ಮಾತು ಕಟ್ಟಿದ್ದು ಅಂತ ಅನಿಸಿದರೆ ಓದುವವರು ಲಾರಿಯನ್ನೂ ನಂಬುವುದಿಲ್ಲ. ಅತ್ತೆ ಆಗ ಚಿಕ್ಕ ಹುಡುಗಿ, ಒಲೆಯ ಹತ್ತಿರ ಮಲಗಿದ್ದರು ಅಂತ ನೀನೇ ಬರೆದಿದ್ದೀಯ. ಅವರಿಗೆ ಕೇಳಿಸಿದ್ದಷ್ಟನ್ನು ಅವರ ಮಾತಲ್ಲೇ ಹಾಕು, ಅರ್ಧ ವಾಕ್ಯವಾದರೂ ಸರಿ. ದೊಡ್ಡಪ್ಪ ಬೇರೆ ಥರ ಹೇಳಿದರೆ ಎರಡೂ ಇರಲಿ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅತ್ತೆಯನ್ನು ಆ ಹಳೇ ಅಣೆಕಟ್ಟಿರುವ ಮಡೆನೂರಿನ ಕಡೆ ಕರೆದುಕೊಂಡು ಹೋಗೋಣ. ಗದ್ದೆ ಎಲ್ಲಿತ್ತು, ದಾರಿ ಎಲ್ಲಿತ್ತು ಅಂತ ಕೈಮಾಡಿ ತೋರಿಸಲಿ, ನೀನು ರೆಕಾರ್ಡ್ ಮಾಡಿಕೋ. ಕಾರು ನಾನು ತರುತ್ತೇನೆ, ದಿನ ಗೊತ್ತು ಮಾಡಿ ತಿಳಿಸು.

ನಿನ್ನ ಗೆಳೆಯ