ಧಾರ್ಮಿಕ ಸೇವಾ ಸಂಸ್ಥೆಗಳಲ್ಲಿ ಹುದ್ದೆಗೆ ದರ್ಜೆ ಹೇಗೆ?

ಮಾನ್ಯ ಸಂಪಾದಕರೇ,

ಸಂಬಳದ ಸಿಬ್ಬಂದಿಯನ್ನಿಟ್ಟುಕೊಂಡು ನಡೆಯುವ ಧಾರ್ಮಿಕ ಸೇವಾ ಸಂಸ್ಥೆಗಳಲ್ಲಿ ಯಾವ ಹುದ್ದೆ ಯಾವ ದರ್ಜೆಯದು ಎಂಬುದನ್ನು ಅನೇಕ ಕಡೆ ಯಾರೂ ಕುಳಿತು ತೀರ್ಮಾನಿಸಿರುವುದಿಲ್ಲ. ಮೊದಲು ಬಂದವರು ಮೇಲೆ, ವೇದಿಕೆಗೆ ಹತ್ತಿರವಿರುವವರು ಇನ್ನೂ ಮೇಲೆ, ಲೆಕ್ಕಪತ್ರ ಮತ್ತು ಅಡುಗೆಮನೆ ನೋಡಿಕೊಳ್ಳುವವರು ಕೆಳಗೆ ಎಂಬ ರೂಢಿಯೇ ಕಾಲಕ್ರಮೇಣ ನಿಯಮವಾಗಿಬಿಡುತ್ತದೆ. ಇಂಥದೊಂದು ಸಂಸ್ಥೆಯ ದರ್ಜೆ ಪರಿಷ್ಕರಣೆಯ ಸಮಿತಿಯಲ್ಲಿದ್ದ ನನಗೆ ತೋಚಿದ್ದನ್ನು ಇಲ್ಲಿ ಹೇಳಬಯಸುತ್ತೇನೆ.

ಹುದ್ದೆಗಳನ್ನು ಒಂದಕ್ಕೊಂದು ಹೋಲಿಸಿ ಸಾಲಾಗಿ ಜೋಡಿಸುವುದು, ಮೊದಲೇ ಬರೆದಿಟ್ಟ ದರ್ಜೆ ವಿವರಣೆಗೆ ಹೊಂದಿಸುವುದು, ಅಂಶವಾರು ಅಂಕ ಕೊಡುವುದು ಇವೆಲ್ಲ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮಗಳೇ. ಅಮೆರಿಕದ ಆಡಳಿತ ಸಲಹೆಗಾರ ಎಡ್ವರ್ಡ್ ಹೇ ಅವರ ಹೆಸರಿನ ಪದ್ಧತಿಯು ತಿಳಿವಳಿಕೆ, ಸಮಸ್ಯೆ ಬಿಡಿಸುವ ಸಾಮರ್ಥ್ಯ, ಹೊಣೆಗಾರಿಕೆ ಎಂಬ 3 ಅಂಶಗಳ ಮೇಲೆ ಹುದ್ದೆಯನ್ನು ಅಳೆಯುತ್ತದೆ. ಸ್ತ್ರೀ ಪುರುಷರಿಗೆ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ದೊರೆಯಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಡಂಬಡಿಕೆಯೂ, ಮಾಡಬೇಕಾದ ಕೆಲಸವನ್ನೇ ಆಧಾರವಾಗಿಟ್ಟುಕೊಂಡ ವಸ್ತುನಿಷ್ಠ ಮೌಲ್ಯಮಾಪನವನ್ನು ಪ್ರೋತ್ಸಾಹಿಸುತ್ತದೆ.

ಭಕ್ತಿಯನ್ನು ಅಂಕದಲ್ಲಿ ಅಳೆಯಲಾದೀತೇ ಎಂಬ ಆಕ್ಷೇಪ ನಮ್ಮ ಸಮಿತಿಯಲ್ಲೂ ಮೊದಲ ದಿನವೇ ಬಂತು. ಅಳೆಯಲಾಗದು, ಅಳೆಯಲೂಬಾರದು. ಆದರೆ ಒಂದು ಹುದ್ದೆಯಲ್ಲಿರುವವರು ಯಾರನ್ನೂ ಕೇಳದೆ ಎಂಥ ನಿರ್ಧಾರ ಕೈಗೊಳ್ಳಬೇಕಾಗುತ್ತದೆ, ಅಲ್ಲಿ ತಪ್ಪಾದರೆ ಯಾರಿಗೆ ಪೆಟ್ಟು, ಆ ತಪ್ಪು ಬೆಳಕಿಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಖಂಡಿತ ಅಳೆಯಬಹುದು. ಹೀಗೆ ಕೇಳಿದಾಗಲೇ ಮಕ್ಕಳ ವಸತಿನಿಲಯದ ಮೇಲ್ವಿಚಾರಕಿಯ ಹುದ್ದೆ ನಮಗೆ ಸರಿಯಾಗಿ ಕಂಡದ್ದು. ದಾಖಲೆಯಲ್ಲಿ ಅವರು ಸಹಾಯಕ ಸಿಬ್ಬಂದಿ; ವಾಸ್ತವದಲ್ಲಿ ರಾತ್ರಿಯಿಡೀ ಅಷ್ಟೂ ಮಕ್ಕಳ ಸುರಕ್ಷತೆಗೆ ಒಬ್ಬರೇ ಉತ್ತರದಾಯಿ. ಒಂದು ಉದ್ದೇಶಕ್ಕೆಂದು ಬಂದ ದೇಣಿಗೆ ಇನ್ನೊಂದಕ್ಕೆ ಖರ್ಚಾಗದಂತೆ ಕಾಯುವ ಲೆಕ್ಕಿಗರ ಹುದ್ದೆಯ ಕಥೆಯೂ ಇದೇ. ಆದಿ ಕ್ರೈಸ್ತ ಸಭೆಯಲ್ಲಿ ವಿಧವೆಯರಿಗೆ ಆಹಾರ ಹಂಚುವುದರಲ್ಲಿ ಲೋಪದ ದೂರು ಬಂದಾಗ, ಆ ಕೆಲಸಕ್ಕೆ ಒಳ್ಳೆಯ ಹೆಸರುಳ್ಳ, ವಿವೇಕಿಗಳಾದ ಏಳು ಮಂದಿಯನ್ನೇ ಆರಿಸಿದರು. ಬಡಿಸುವ ಕೆಲಸಕ್ಕೆ ಯಾರಾದರೇನು ಎನ್ನಲಿಲ್ಲ.

ಕಠಿಣವಾದದ್ದು ಇದರ ಮತ್ತೊಂದು ಮುಖ. ಎಲ್ಲರೂ ಗೌರವಿಸುವ ಹಿರಿಯ ಬೋಧಕರೊಬ್ಬರ ಹುದ್ದೆಗೆ ನಿರೀಕ್ಷೆಗಿಂತ ಕಡಿಮೆ ಅಂಕ ಬಂದಾಗ ಸಭೆಯಲ್ಲಿ ಯಾರೂ ತಲೆಯೆತ್ತಲಿಲ್ಲ. (ನಾನೂ ಎತ್ತಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.) ಆದರೆ ಆ ಗೌರವ ಅವರ ಬದುಕಿನ ಗಳಿಕೆ. ಅದನ್ನು ಹುದ್ದೆಯ ದರ್ಜೆಗೆ ಸೇರಿಸಿದರೆ, ಅವರು ನಿವೃತ್ತರಾದ ಮರುದಿನ ಅದೇ ಕುರ್ಚಿಗೆ ಬರುವ ಹೊಸಬರಿಗೂ ಅದು ಪುಕ್ಕಟೆಯಾಗಿ ಸಿಗುತ್ತದೆ. ದೀಕ್ಷೆ ಬೇರೆ, ದರ್ಜೆ ಬೇರೆ. ದರ್ಜೆ ಇಳಿದ ಹುದ್ದೆಯಲ್ಲಿ ಈಗ ಇರುವವರ ಸಂಬಳವನ್ನು ಇಳಿಸದೆ ಕಾಪಾಡುವ ಏರ್ಪಾಡು ಅನೇಕ ಸಂಸ್ಥೆಗಳಲ್ಲಿದೆ; ನಾವೂ ಹಾಗೆಯೇ ಮಾಡಿದೆವು.

"ಇದು ಸೇವೆ, ನೌಕರಿಯಲ್ಲ" ಎಂಬ ಮಾತು ಕೆಳಗಿನ ದರ್ಜೆಯವರು ಸಂಬಳ ಕೇಳಿದಾಗ ಮಾತ್ರ ನೆನಪಾಗುವುದನ್ನು ಕಂಡಿದ್ದೇನೆ. ಆದ್ದರಿಂದ ಇಂಥ ಸಂಸ್ಥೆಗಳ ಆಡಳಿತ ಮಂಡಳಿಗಳು ಪ್ರತಿ ಹುದ್ದೆಯ ಕೆಲಸದ ವಿವರವನ್ನು ಆ ಕೆಲಸ ಮಾಡುವವರನ್ನೇ ಕೇಳಿ ಬರೆಸಬೇಕು, ಕೊಟ್ಟ ಅಂಕಗಳನ್ನೂ ಅವಕ್ಕೆ ಕಾರಣಗಳನ್ನೂ ಎಲ್ಲ ಸಿಬ್ಬಂದಿಗೆ ತೋರಿಸಬೇಕು, ಒಪ್ಪಿಗೆಯಾಗದವರ ಮೇಲ್ಮನವಿಯನ್ನು ಆ ಸಮಿತಿಯಲ್ಲಿಲ್ಲದವರು ಆಲಿಸಬೇಕು ಎಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ