ಬಿತ್ತನೆಗೆ ಮೊದಲೇ ಕೇಳಬೇಕಾದ ಪ್ರಶ್ನೆ: ಹಾಸನದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಹಾಸನ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ನೂರಾರು ತಾಯಿ ಕಾರ್ಡುಗಳನ್ನು ನನ್ನ ಕೈಯಾರೆ ತುಂಬಿದ್ದೇನೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ಬರೆದುಕೊಂಡ ನಾನು ಪಾದರಸದ ಬಗ್ಗೆ ಒಬ್ಬ ಬಸುರಿಯನ್ನೂ ಕೇಳಲಿಲ್ಲವೆಂಬ ಕೊರಗು ಈಗ ಕಾಡುತ್ತಿದೆ.

ಪಾದರಸವು ಗರ್ಭದಲ್ಲಿರುವ ಕೂಸಿಗೆ ಏನು ಮಾಡಬಲ್ಲದೆಂದು ಜಗತ್ತು ಕಲಿತದ್ದು ಜಪಾನಿನ ಮಿನಮಾಟದಲ್ಲಿ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಮಿಥೈಲ್ ಪಾದರಸ (ಪಾದರಸದ ಒಂದು ಸಂಯುಕ್ತ) ಮೀನುಗಳಲ್ಲಿ ಸೇರಿ, ಅವನ್ನು ತಿಂದವರ ನರಮಂಡಲವನ್ನು ಕೆಡಿಸಿತು; ಆ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು. ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದ ತಾಯಂದಿರು ಅಲ್ಲಿ ಕತ್ತು ನಿಲ್ಲದ, ನಡೆಯಲಾಗದ, ನುಂಗಲೂ ಕಷ್ಟಪಡುವ ಮಕ್ಕಳನ್ನು ಹೆತ್ತರು. ವಿಷವನ್ನು ಮಾಸು ತಡೆಯುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆಯಾಗಿತ್ತು. ನಮ್ಮ ಕೆಲವು ಮನೆಗಳಲ್ಲಿ ಒಣಗಿ ಬಿದ್ದ ಹೊಕ್ಕುಳಬಳ್ಳಿಯನ್ನು ತಾಯಿತದಲ್ಲಿ ಕಟ್ಟುವಂತೆ ಜಪಾನಿನವರೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಹಾಗೆ ಉಳಿದಿದ್ದ ತುಣುಕುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಮಿಥೈಲ್ ಪಾದರಸ ಸಿಕ್ಕಿತು.

ಅದು ಒಂದು ಅಮೈನೋ ಆಮ್ಲದೊಡನೆ ಕೂಡಿಕೊಂಡು, ಕೂಸಿಗೆ ಪೋಷಣೆ ಹೋಗುವ ದಾರಿಯಲ್ಲೇ ಮಾಸನ್ನು ದಾಟುತ್ತದೆ. ಹೀಗಾಗಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತ ಸರಾಸರಿ 1.7 ಪಟ್ಟು ಇರುತ್ತದೆ. ಬೆಳೆದವರ ಮಿದುಳಿನ ಕೆಲವು ಭಾಗಗಳನ್ನಷ್ಟೇ ಹೆಚ್ಚಾಗಿ ಘಾಸಿಗೊಳಿಸುವ ಈ ವಿಷ, ಗರ್ಭದಲ್ಲಿ ನರಕೋಶಗಳು ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ಸರಿಯುವ ಕ್ರಿಯೆಯನ್ನೇ ತಪ್ಪಿಸುವುದರಿಂದ ಹಾನಿ ಇಡೀ ಮಿದುಳಿಗೆ ಹರಡುತ್ತದೆ. ಪ್ರಮಾಣ ಕಡಿಮೆಯಿದ್ದಾಗ ಹುಟ್ಟಿನಲ್ಲಿ ಏನೂ ಕಾಣದಿರಬಹುದು. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ, ಗರ್ಭದಲ್ಲೇ ಈ ವಿಷ ತಗುಲಿ 1986-87ರಲ್ಲಿ ಹುಟ್ಟಿದ ಮಕ್ಕಳನ್ನು ಏಳನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗಲೇ ಭಾಷೆ, ಗಮನ ಮತ್ತು ನೆನಪಿನ ಕೊರತೆಗಳು ತಿಳಿದುಬಂದವು. ಅಂಥ ಮಗುವನ್ನು ನಾವು ದಡ್ಡ ಎಂದು ಕರೆದು ಸುಮ್ಮನಾಗುತ್ತೇವೆ.

ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಆಲೂಗಡ್ಡೆಯ ಬಿತ್ತನೆ ಗಡ್ಡೆಯನ್ನು ಕೊಯ್ದು ಔಷಧಿಯಲ್ಲಿ ಅದ್ದುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಂಗಸರದು, ಅದೂ ಬರಿಗೈಯಲ್ಲಿ. ಹೀಗೆ ಅದ್ದಲು ಬಳಕೆಯಲ್ಲಿದ್ದ ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಎಂಬ, ಪಾದರಸವಿರುವ ಶಿಲೀಂಧ್ರನಾಶಕವನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿತು. ಇದು ಮಿನಮಾಟದ ವಿಷದಷ್ಟು ಸಲೀಸಾಗಿ ಕೂಸನ್ನು ತಲುಪುವಂಥದ್ದಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೂ ಅಟ್ಟದ ಮೇಲೆ ಉಳಿದ ಹಳೆಯ ಪೊಟ್ಟಣ ಬಸುರಿಯ ಕೈಗೆ ಸಿಗಬಾರದು. ಇರಾಕಿನಲ್ಲಿ 1971-72ರಲ್ಲಿ ಮಿಥೈಲ್ ಪಾದರಸ ಬೆರೆಸಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದು 459 ಜನ ಆಸ್ಪತ್ರೆಗಳಲ್ಲಿ ಸತ್ತರು, ಗರ್ಭದಲ್ಲಿದ್ದ ಕೂಸುಗಳೂ ಜಖಂಗೊಂಡವು.

ಪಾದರಸ ಬೆರೆಸಿದ, ಬೆಳ್ಳಗಾಗಿಸುವ ಮುಖದ ಕ್ರೀಮುಗಳದು ಇನ್ನೊಂದು ದಾರಿ. ಕಾಯ್ದೆ ಬಿಗಿಯಾಗಿದ್ದರೂ ಲೇಬಲ್ ಇಲ್ಲದ ಡಬ್ಬಿಗಳು ಸಂತೆಗೆ ಬರುತ್ತವೆ. ನಾನಿದ್ದ ಕಡೆಯೊಮ್ಮೆ ಪಾದರಸದ ಬಿ.ಪಿ. ಉಪಕರಣ ಒಡೆದಾಗ ಐದು ತಿಂಗಳ ಬಸುರಿಯಾಗಿದ್ದ ಸಹೋದ್ಯೋಗಿಯೊಬ್ಬಳು ಪೊರಕೆಯಿಂದ ಗುಡಿಸಿದಳು. ಅದರ ಆವಿಯೂ ಮಾಸನ್ನು ದಾಟುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ಮೀನಿನ ವಿಷಯದಲ್ಲಿ ಮಾತ್ರ ದಯವಿಟ್ಟು ಭಯ ಹುಟ್ಟಿಸಬೇಡಿ. ಶಿರಾಡಿ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆಗಳಲ್ಲಿ ಪಾದರಸ ಕಡಿಮೆ, ಕೂಸಿನ ಮಿದುಳಿಗೆ ಬೇಕಾದ ಕೊಬ್ಬು ಹೆಚ್ಚು. ಬಸುರಿಯರು ಬಿಡಬೇಕಾದದ್ದು ಶಾರ್ಕಿನಂಥ, ಬೇರೆ ಮೀನು ತಿಂದು ಬೆಳೆಯುವ ದೊಡ್ಡ ಮೀನುಗಳನ್ನು.

ರಕ್ತದಲ್ಲಿರುವ ಮಿಥೈಲ್ ಪಾದರಸ ಅರ್ಧಕ್ಕಿಳಿಯಲು ಸುಮಾರು 50 ದಿನ ಹಿಡಿಯುತ್ತದೆ. ಮೂರನೇ ತಿಂಗಳಲ್ಲಿ ಮೊದಲ ತಪಾಸಣೆಗೆ ಬಂದವಳಿಗೆ ಹೇಳಿದರೆ ಮಾತು ತಡವಾಯಿತು. ಆದ್ದರಿಂದ ಅರ್ಹ ದಂಪತಿಗಳ (ಮಕ್ಕಳಾಗುವ ವಯಸ್ಸಿನವರ) ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಹೊಸದಾಗಿ ಮದುವೆಯಾದವರನ್ನೂ ಕ್ರೀಮು, ಮೀನು, ಬಿತ್ತನೆ ಔಷಧಿಗಳ ಬಗ್ಗೆ ಕೇಳುವಂತೆ, ಮತ್ತು ಉಪಕೇಂದ್ರಗಳಲ್ಲಿ ಪಾದರಸದ ಉಪಕರಣ ಉಳಿದಿದ್ದರೆ ಹಿಂಪಡೆಯುವಂತೆ ತಾವು ಆದೇಶಿಸಬೇಕು. ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳೊಡನೆ ಸೇರಿ, ಮೇ ತಿಂಗಳ ಆಲೂಗಡ್ಡೆ ಬಿತ್ತನೆ ಶುರುವಾಗುವ ಮುಂಚೆಯೇ ಇದಾಗಲಿ ಎಂಬುದು ನನ್ನ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಹಾಸನ ತಾಲ್ಲೂಕು